ದ್ರಾಕ್ಷಾಮದ್ಯದ ಹಡಗು, ಬಂದರಿನ ಹಕ್ಕು



ರೋಮಿನ ಪ್ಲಿನಿ ಕ್ರಿ.ಶ. 77ರ ಹೊತ್ತಿಗೆ ಬರೆದ ನಿಸರ್ಗ ಚರಿತ್ರೆಯಲ್ಲಿ ನಮ್ಮ ಕರಾವಳಿಗೆ ಒಂದು ಕೆಟ್ಟ ಸರ್ಟಿಫಿಕೇಟು ಸಿಕ್ಕಿದೆ. ಭಾರತದಲ್ಲಿ ಮೊದಲು ಸಿಗುವ ಬಂದರು ಮುಜಿರಿಸ್, ಆದರೆ ಅಲ್ಲಿಗೆ ಹೋಗಲು ಆಸೆಪಡಬೇಡಿ, ಹತ್ತಿರದ ನಿತ್ರಿಯಾಸ್‌ನಲ್ಲಿ ಕಡಲ್ಗಳ್ಳರಿದ್ದಾರೆ ಎನ್ನುತ್ತಾನೆ. ಮುಜಿರಿಸ್ ಇದ್ದದ್ದು ಕೇರಳದ ಕೊಡುಂಗಲ್ಲೂರಿನ ಆಸುಪಾಸಿನಲ್ಲಿ. ನಿತ್ರಿಯಾಸ್ ಅಂದರೆ ನೇತ್ರಾವತಿಯ ಅಳಿವೆ ಎಂದು ಹಲವು ವಿದ್ವಾಂಸರು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ ಎಂದು ಇನ್ನು ಕೆಲವರು. ಕಳ್ಳರ ಊರು ನಮ್ಮದೇ ಎಂದು ಪಟ್ಟು ಹಿಡಿಯಬೇಕಾಗಿಲ್ಲ. ಆದರೂ ಮಂಗಳೂರಿನವನಾದ ನನಗೆ ಮೊದಲ ಪಕ್ಷದ ಮೇಲೆ ಸ್ವಲ್ಪ ಒಲವು. ಎರಡನೆಯ ಶತಮಾನದ ಭೂಗೋಳಕಾರ ಟಾಲೆಮಿ ಇದೇ ಊರನ್ನು ನಿತ್ರ ಎಂದು ಕರೆದು ಕಡಲ್ಗಳ್ಳರ ಸೀಮೆಗೆ ಸೇರಿಸಿದ್ದಾನೆ, ಜತೆಗೆ ಅದೊಂದು ವ್ಯಾಪಾರದ ಪೇಟೆ ಎಂದೂ ಗುರುತು ಹಾಕಿದ್ದಾನೆ. ಹಡಗು ದೋಚುವ ಊರಲ್ಲಿ ಪೇಟೆ ನಡೆದದ್ದು ಹೇಗೆ?

ಮೊದಲು ಹಡಗನ್ನು ನೋಡೋಣ. ಈಜಿಪ್ಟಿನ ನಡುಬೇಸಗೆಯಲ್ಲಿ ಅಲ್ಲಿನ ಬೆರೆನಿಕೆ ಬಂದರು ಬಿಟ್ಟ ಹಡಗು 30 ದಿನಕ್ಕೆ ಕೆಂಪು ಸಮುದ್ರದ ಬಾಯಿಯ ಓಸೆಲಿಸ್ ತಲುಪುತ್ತಿತ್ತು. ಅಲ್ಲಿಂದ ಮಳೆಗಾಲದ ಗಾಳಿ ಹಿಡಿದರೆ ಮುಜಿರಿಸ್‌ಗೆ 40 ದಿನ. ಇಲ್ಲಿ ತುಳುವರ ಆಟಿ ಕಳೆದು ಸೋಣ ತಿಂಗಳೂ ಮುಗಿಯುವ ಹೊತ್ತಿಗೆ ಅದು ನಮ್ಮ ಕಡಲಿಗೆ ಬರುತ್ತಿತ್ತು. ಒಳಗೆ ನಾಣ್ಯ, ಹವಳ, ತಾಮ್ರ, ತವರ, ಸೀಸ, ಮತ್ತೆ ದ್ರಾಕ್ಷಾಮದ್ಯ. ಮದ್ಯ ತೀರಾ ಹೆಚ್ಚೇನೂ ಹೋಗುವುದಿಲ್ಲ ಎಂದು ಪೆರಿಪ್ಲಸ್ ಎಂಬ ಗ್ರೀಕ್ ಕೈಪಿಡಿ ಹೇಳುತ್ತದೆ. ಆದರೆ 2007ರಿಂದ ಕೊಡುಂಗಲ್ಲೂರಿನ ಹತ್ತಿರದ ಪಟ್ಟಣಂ ಎಂಬಲ್ಲಿ ನಡೆದ ಉತ್ಖನನದಲ್ಲಿ ಮೆಡಿಟರೇನಿಯನ್ ಜಾಡಿಗಳ ಸಾವಿರಾರು ಚೂರುಗಳು ಸಿಕ್ಕಿವೆ. ಇಂಥ ಒಂದು ಜಾಡಿಗೆ ಸುಮಾರು 25 ಲೀಟರ್ ಹಿಡಿಯುತ್ತಿತ್ತು. ಕಳ್ಳರ ಹೆದರಿಕೆಗೆ ಹಡಗಿನಲ್ಲಿ ಬಿಲ್ಲುಗಾರರ ತುಕಡಿ ಇರುತ್ತಿತ್ತೆಂದು ಪ್ಲಿನಿಯೇ ತಿಳಿಸುತ್ತಾನೆ. ಅವರ ಸಂಬಳ, ಊಟ, ಮಲಗುವ ಜಾಗ ಎಲ್ಲವೂ ವ್ಯಾಪಾರಿಯ ಲೆಕ್ಕಕ್ಕೇ.

ಇನ್ನು ನಷ್ಟ. ಜಾಡಿ ಹೋದರೆ ಜಾಡಿಯ ಬೆಲೆ ಹೋಯಿತು, ಅದನ್ನು ಹೇಗೋ ತುಂಬಿಕೊಳ್ಳಬಹುದು. ಹಡಗನ್ನು ತಡೆದು ನಿಲ್ಲಿಸಿದರೆ ಮಾತ್ರ ಕಷ್ಟ. ಮರಳುವ ಗಾಳಿ ಡಿಸೆಂಬರಿನ ಹೊತ್ತಿಗೆ ಸಿಗಬೇಕು, ಅದು ತಪ್ಪಿದರೆ ಇಡೀ ವರ್ಷ ಹಾಳು. ಗ್ರೀಕರ ಮತ್ತು ರೋಮನರ ಕಡಲ ಸಾಲದ ಪದ್ಧತಿಯಲ್ಲಿ ಹಡಗು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಸಾಲ ತೀರಿಸುವ ಹೊಣೆ. ಹಡಗೇ ಹೋದರೆ ಸಾಲ ಕೊಟ್ಟವನ ಹಣವೂ ಹೋಯಿತು. ಹಾಗಾಗಿ ಬಡ್ಡಿ ವಿಪರೀತ. ನಿತ್ರಿಯಾಸ್‌ನ ಭಯಕ್ಕೆ ಕೊನೆಗೆ ದುಡ್ಡು ತೆತ್ತವನು ಇಲ್ಲಿಂದ ಹೋದ ಕಾಳುಮೆಣಸನ್ನು ರೋಮಿನಲ್ಲಿ ಕೊಂಡವನು. ಆದರೂ ವ್ಯಾಪಾರಿಗಳು ಬರುವುದನ್ನು ಬಿಡಲಿಲ್ಲ. 1985ರಲ್ಲಿ ಪ್ರಕಟವಾದ, ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಪಪೈರಸ್ ಒಂದರಲ್ಲಿ ಮುಜಿರಿಸ್ ವ್ಯಾಪಾರದ ಸಾಲದ ಕರಾರಿದೆ, ಹೆರ್ಮಪೊಲ್ಲೋನ್ ಎಂಬ ಹಡಗಿನ ಸರಕಿನ ಲೆಕ್ಕವೂ ಇದೆ. ದಂತ, ಜಟಾಮಾಂಸಿ ಇತ್ಯಾದಿ ಸೇರಿ ಅದರ ಬೆಲೆ ಆ ಕಾಲದ ದೊಡ್ಡ ಹಣದ ಮಾನವಾದ ಟ್ಯಾಲೆಂಟ್‌ನಲ್ಲಿ ಒಂದು ಸಾವಿರಕ್ಕೂ ಮೇಲು. ಇಷ್ಟು ಲಾಭ ಕಣ್ಣಿಗೆ ಕಾಣುವಾಗ ಪ್ಲಿನಿಯ ಬುದ್ಧಿವಾದ ಯಾರಿಗೆ ಬೇಕು!

ಮದ್ಯದ ಮಾತು ಬಂದದ್ದಕ್ಕೆ ಒಂದು ಉಪಕಥೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದಲ್ಲಿ ಕಾರಿಷನ್ ಎಂಬ ಹೆಣ್ಣು ಭಾರತದ ಕರಾವಳಿಯಲ್ಲಿ ಸೆರೆಯಾಗಿರುತ್ತಾಳೆ. ಅವಳ ಕಡೆಯವರು ಅಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾಮದ್ಯ ಕುಡಿಸಿ, ಅಮಲೇರಿಸಿ, ಹಡಗು ಹತ್ತಿ ಪಾರಾಗುತ್ತಾರೆ. ಅದರಲ್ಲಿರುವ ಅರ್ಥವಾಗದ ಮಾತುಗಳು ಕನ್ನಡವೆಂದು ಹುಲ್ಷ್, ಶಾಮಶಾಸ್ತ್ರಿ ಮೊದಲಾದ ವಿದ್ವಾಂಸರು ವಾದಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಈ ಚರ್ಚೆಗೆ ಕೈಹಾಕಿದರು. ಜಗಳ ಇನ್ನೂ ತೀರಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇಷ್ಟೇ: ಹಿಡಿದಿಟ್ಟುಕೊಳ್ಳುವ ಜನ ಈ ಕರಾವಳಿಯವರು ಎಂಬುದು ಈಜಿಪ್ಟಿನ ಪ್ರೇಕ್ಷಕರನ್ನು ನಗಿಸುವಷ್ಟು ಪ್ರಚಾರದಲ್ಲಿತ್ತು.

ಆದರೆ ಹಡಗು ಹಿಡಿದವರ ಕಡೆಯ ಮಾತು ನಮಗೆ ಕೇಳಿಸುವುದು ಬಹಳ ತಡವಾಗಿ, ಅದೂ ಪರದೇಶಿಯೊಬ್ಬನ ಬಾಯಲ್ಲಿ. 1340ರ ದಶಕದಲ್ಲಿ ಈ ಕಡೆ ಬಂದ ಇಬ್ನ್ ಬತೂತ ಬಾರಕೂರಿನ ವಿಚಾರ ಬರೆದಿದ್ದಾನೆ. ಅಲ್ಲಿನ ಅರಸನಿಗೆ ಸುಮಾರು 30 ಯುದ್ಧದ ಹಡಗುಗಳು, ಅವುಗಳ ಮುಖ್ಯಸ್ಥ ಲೂಲಾ ಎಂಬವನು. ಹಾದುಹೋಗುವ ಪ್ರತಿ ಹಡಗೂ ಬಾರಕೂರಿನಲ್ಲಿ ಲಂಗರು ಹಾಕಿ ಕಾಣಿಕೆ ಕೊಡಬೇಕು, ಅದು ಬಂದರಿನ ಹಕ್ಕು. ಕೊಡದೆ ಹೋದರೆ ಬೆನ್ನಟ್ಟಿ ಎಳೆದು ತರುತ್ತಾರೆ, ಸುಂಕ ಇಮ್ಮಡಿ ಮಾಡುತ್ತಾರೆ, ಬೇಕಾದಷ್ಟು ದಿನ ಬಿಡುವುದಿಲ್ಲ. ಕೇರಳದ ಏಳಿಮಲೆಯ ತೀರದಲ್ಲಿ ದಾರಿ ತಪ್ಪಿ ಬಂದ ಹಡಗನ್ನು ದೇವರೇ ಕಳಿಸಿದ್ದೆಂದು ಮುಟ್ಟುಗೋಲು ಹಾಕುತ್ತಿದ್ದರೆಂದು ಮಾರ್ಕೊ ಪೋಲೊ ಅದಕ್ಕೂ ಮೊದಲೇ ಬರೆದಿದ್ದ. ಇದು ಆ ಕಾಲದಲ್ಲಿ ಎಷ್ಟು ಸಾಮಾನ್ಯವೆಂದರೆ, ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಹಡಗಿನ ಸರಕನ್ನು ಇನ್ನು ಕಿತ್ತುಕೊಳ್ಳುವುದಿಲ್ಲ ಎಂದು ಕಾಕತೀಯ ಗಣಪತಿದೇವ 1244ರಲ್ಲಿ ಆಂಧ್ರ ಕರಾವಳಿಯ ಮೋಟುಪಲ್ಲಿಯಲ್ಲಿ ಶಾಸನ ಹಾಕಿಸಿ ಅಭಯ ಕೊಡಬೇಕಾಯಿತು.

ನಿತ್ರಿಯಾಸ್‌ನವರೂ ಇಂಥ ಸುಂಕದವರೇ ಇದ್ದಿರಬಹುದು ಎಂದು ನನ್ನ ಊಹೆ. ಟಾಲೆಮಿಯ ಪೇಟೆಗೆ ಬಂದು ಕಾಣಿಕೆ ಕೊಟ್ಟವನು ವ್ಯಾಪಾರ ಮಾಡಿದ, ತಪ್ಪಿಸಿಕೊಂಡು ದಕ್ಷಿಣಕ್ಕೆ ಹೊರಟವನು ದೋಚಿಸಿಕೊಂಡ. ಹಾಗೆಂದು ಎಲ್ಲರನ್ನೂ ಸುಂಕದ ಕಟ್ಟೆಯವರೆಂದು ಒಪ್ಪಿಕೊಳ್ಳುವಷ್ಟು ಊರಾಭಿಮಾನ ನನಗಿಲ್ಲ. ಅದೇ ಇಬ್ನ್ ಬತೂತನನ್ನು ಹೊನ್ನಾವರಕ್ಕೂ ಬಾರಕೂರಿಗೂ ನಡುವೆ 12 ಹಡಗುಗಳು ಸುತ್ತುಗಟ್ಟಿ, ಸಿಂಹಳದ ಅರಸ ಕೊಟ್ಟ ಮುತ್ತು ರತ್ನ ಸಮೇತ ಎಲ್ಲ ಕಿತ್ತುಕೊಂಡು, ಚಲ್ಲಣವೊಂದನ್ನು ಬಿಟ್ಟವು. ಅದು ಯಾವ ಬಂದರಿನ ಹಕ್ಕೂ ಅಲ್ಲ, ಶುದ್ಧ ದರೋಡೆ.

ಆಮೇಲೆ ಪೋರ್ಚುಗೀಸರು ಬಂದರು. ಕಾರ್ತಾಜ್ ಎಂಬ ಅವರ ರಹದಾರಿ ಪತ್ರದಲ್ಲಿ ಹಡಗು, ನಾಯಕ, ಸರಕು, ಹೋಗುವ ಊರು ಎಲ್ಲ ಬರೆದಿರಬೇಕು. ಪತ್ರವಿಲ್ಲದ ಹಡಗು ಅವರದು. ಬಾರಕೂರಿನವರ ಹಕ್ಕು ತಮ್ಮ ಬಂದರಿನ ಮುಂದಿನ ನೀರಿಗೆ ಇತ್ತು, ಇವರು ಇಡೀ ಕಡಲನ್ನೇ ತಮ್ಮದೆಂದರು. 1568ರಲ್ಲಿ ಮಂಗಳೂರಿನಲ್ಲೇ ಕೋಟೆ ಕಟ್ಟಿದ ಮೇಲೆ ಅಕ್ಕಿ ತುಂಬಿಕೊಂಡು ಹೊರಡುವ ನಮ್ಮ ಹಡಗುಗಳಿಗೇ ಪತ್ರ ಬೇಕಾಯಿತು. ಅದಕ್ಕೆ ಉಳ್ಳಾಲದ ರಾಣಿ ಅಬ್ಬಕ್ಕ ಕೊಟ್ಟ ಉತ್ತರ ಈ ಮಾಲೆಯಲ್ಲಿ ಇನ್ನೊಂದು ಉಪನ್ಯಾಸವನ್ನೇ ಬೇಡುವಷ್ಟು ದೊಡ್ಡದು.