ಸಂಸಾರಿಗಳ ಕಲೆಗೆ ಹೊತ್ತು



 

ಶ್ರಾವಣಮಾಸದಲ್ಲಿ ಒಂದು ರಾತ್ರಿ ಪುರಾಣವು ಮುಗಿದ ತರುವಾಯ ಮಾನ್ವಿಯ ಕಡೆಯ ಗೃಹಿಣಿಯೊಬ್ಬರು ಗುರುಗಳ ಸನ್ನಿಧಿಯಲ್ಲಿ ಒಂದು ಬಿನ್ನಹವನ್ನು ಮಾಡಿಕೊಂಡರು. ಅವರಿಗೆ ಚಿಕ್ಕಂದಿನಿಂದಲೂ ಪದ ಕಟ್ಟುವ ಅಭ್ಯಾಸ. ಮದುವೆಯಾಗಿ ಬಂದ ಮೇಲೆ ಅತ್ತೆಮಾವಂದಿರ ಸೇವೆ, ಮಕ್ಕಳ ಪಾಲನೆ, ಹೊಲದ ಕೆಲಸ, ಇವುಗಳ ನಡುವೆ ಉಳಿಯುವ ಹೊತ್ತು ಇಷ್ಟಲಿಂಗಪೂಜೆಗೇ ಸಾಲದು. ಆ ಪೂಜೆಯ ಹೊತ್ತಿನಲ್ಲಿಯೇ ಒಂದಿಷ್ಟನ್ನು ಕಡಿಮೆಮಾಡಿಕೊಂಡು ಮಗನ ಹಳೆಯ ನೋಟುಬುಕ್ಕಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದರೆ ಮನಸ್ಸಿಗೆ ಸಮಾಧಾನವಾಗುವುದು. ಮರುಗಳಿಗೆಯಲ್ಲಿಯೇ ತಪ್ಪು ಮಾಡಿದಂತೆ ಅಂಜಿಕೆಯೂ ಆಗುವುದು. "ಇದು ಲಿಂಗಕ್ಕೆ ಸಲ್ಲಬೇಕಾದ ಹೊತ್ತನ್ನು ಕದ್ದಂಗ ಅಲ್ಲೇನ್ರಿ ಅಪ್ಪಾವರೇ?" ಎಂದು ಅವರು ಕೇಳಿದರು. ಗುರುಗಳು, ಇದಕ್ಕೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನವರ ಹತ್ತಿರ ಕೇಳಬೇಕಮ್ಮಾ ಎಂದಷ್ಟೇ ಅಪ್ಪಣೆಕೊಡಿಸಿದರು. ಆ ಅಪ್ಪಣೆಯ ತಾತ್ಪರ್ಯವನ್ನು ವಿಚಾರಿಸುವುದೇ ಈ ಹೊತ್ತಿನ ಭಾಷಣದ ವಿಷಯವಾಗಿದೆ.

ಕವಿತ್ವ, ಗಾಯನ ಮುಂತಾದವು ಸಂಸಾರದ ಜಂಜಡವಿಲ್ಲದವರಿಗೆ ಮಾತ್ರ ಒದಗತಕ್ಕವು ಎಂಬ ಭಾವನೆಯು ಲೋಕದಲ್ಲಿ ಬಹಳವಾಗಿ ಹರಡಿದೆ. ಈ ಭಾವನೆಯು ದಿಟವಾಗಿದ್ದ ಪಕ್ಷದಲ್ಲಿ ವಚನವಾಙ್ಮಯದ ಬಹುಭಾಗವು ಹುಟ್ಟುತ್ತಲೇ ಇರಲಿಲ್ಲ. ಸುರಪುರ ತಾಲ್ಲೂಕಿನ ಮುದನೂರಿನ ದಾಸಿಮಯ್ಯನವರು ಬಟ್ಟೆಯನ್ನು ನೇಯ್ದು ಬದುಕಿದವರು. ದುಗ್ಗಳೆಯೊಡನೆ ಸಂಸಾರವನ್ನು ಮಾಡಿದವರು. ಚೌಡಯ್ಯನವರು ದೋಣಿಯನ್ನು ನಡೆಸಿದವರು. ಇವರಾರೂ ಮನೆಯನ್ನು ಬಿಟ್ಟು ಏಕಾಂತವನ್ನು ಹುಡುಕಿಕೊಂಡು ಹೋಗಲಿಲ್ಲ. ವಚನವು ಗಾತ್ರದಲ್ಲಿ ಚಿಕ್ಕದು. ಅದಕ್ಕೆ ಛಂದಸ್ಸಿನ ಕಟ್ಟಿಲ್ಲ, ಸಂಧಿ ಆಶ್ವಾಸಗಳ ಹೊರೆಯಿಲ್ಲ. ಕೈ ಕೆಲಸದಲ್ಲಿರುವಾಗ ಮನಸ್ಸಿನಲ್ಲಿ ಹೊರಳಾಡಿಸಿ, ಕೆಲಸ ಮುಗಿಯುವ ಹೊತ್ತಿಗೆ ಪೂರ್ತಿಮಾಡಿಕೊಳ್ಳಬಹುದಾದ ರೂಪವದು. ಕಾಯಕದ ಬದುಕೇ ಆ ರೂಪವನ್ನು ಮಾಡಿತೆಂದು ಹೇಳುವುದು ಊಹೆಯಾದರೂ, ಮಗ್ಗದ ಮುಂದೆ ಕುಳಿತವನು ನೂರು ಪದ್ಯಗಳ ಕಾವ್ಯವನ್ನು ಎತ್ತಿಕೊಳ್ಳುವುದು ಹೇಗೆಂಬುದನ್ನು ಎಣಿಸಿದರೆ ನಿರಾಧಾರವಾದ ಊಹೆಯೇನೂ ಅಲ್ಲ.

ಇನ್ನು ಲಕ್ಕಮ್ಮನವರ ವೃತ್ತಾಂತಕ್ಕೆ ಬರೋಣ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರು ಈ ರಾಯಚೂರು ಸೀಮೆಯವರೇ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಅವರ ಊರು. ಅವರ ವಚನಗಳ ಅಂಕಿತದಲ್ಲಿಯೂ ಆ ದೇವರ ಹೆಸರೇ ಇರುವುದು. ಹನ್ನೆರಡನೆಯ ಶತಮಾನದಲ್ಲಿ ದಂಪತಿಗಳು ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುವುದು ಮಾರಯ್ಯನವರ ಕಾಯಕವಾಗಿದ್ದಿತು.

ಈ ದಂಪತಿಗಳ ವಿಷಯವಾಗಿ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಒಂದು ದಿನ ಮಾರಯ್ಯನವರು ಪ್ರಭುದೇವರ ಸಂಗಡ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿದ್ದರು. ಆಗ ಲಕ್ಕಮ್ಮನವರು ಬಂದು, ಕಾಯಕವು ನಿಂತುಹೋಗಿದೆ, ಏಳಬೇಕೆಂದು ಎಚ್ಚರಿಸಿದರು. ಗೋಷ್ಠಿಯು ದೊಡ್ಡದು, ಮಾತನಾಡುತ್ತಿದ್ದವರಾದರೋ ಸಾಕ್ಷಾತ್ ಅಲ್ಲಮಪ್ರಭುಗಳು. ಆದರೂ ಆಕೆ ಸಂಕೋಚಪಡಲಿಲ್ಲ. ಮತ್ತೊಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವುದುಂಟು. ಲಕ್ಕಮ್ಮನವರು ಆ ಅಕ್ಕಿಯನ್ನು ಮನೆಯೊಳಕ್ಕೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು.

ಪುರಾಣ ಹೇಳುವವರು ಈ ಎರಡು ಪ್ರಸಂಗಗಳನ್ನು ಬೇರೆಬೇರೆಯಾಗಿ ಹೇಳಿ, ಮೊದಲನೆಯದಕ್ಕೆ ಕಾಯಕನಿಷ್ಠೆಯೆಂದೂ ಎರಡನೆಯದಕ್ಕೆ ಆಸೆಯಿಲ್ಲದಿರುವಿಕೆಯೆಂದೂ ಹೆಸರಿಟ್ಟು ಮುಗಿಸುವರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮತ್ತೊಂದು ಅರ್ಥವು ಹೊರಡುತ್ತದೆ. ಅನುಭಾವವು ಕಾಯಕದ ಹೊತ್ತನ್ನು ನುಂಗಬಾರದೆಂದು ಒಮ್ಮೆ, ಕಾಯಕವು ಅಗತ್ಯವನ್ನು ಮೀರಿ ಬೆಳೆದು ಉಳಿದುದೆಲ್ಲವನ್ನೂ ನುಂಗಬಾರದೆಂದು ಮತ್ತೊಮ್ಮೆ, ಆಕೆ ಎರಡು ಕಡೆಯಲ್ಲಿಯೂ ಗಡಿಕಲ್ಲನ್ನು ನೆಟ್ಟರು. ಹೆಚ್ಚಿನ ಅಕ್ಕಿಯೆಂದರೆ ಕೇವಲ ಅಕ್ಕಿಯಲ್ಲ. ಅದನ್ನು ಬಗ್ಗಿ ಆಯ್ದ ಹೊತ್ತು, ಹೊತ್ತು ತಂದ ಹೊತ್ತು, ಕೇರಿ ಕಾಪಿಡುವ ಹೊತ್ತು. ಇಷ್ಟು ಸಾಕು ಎಂದು ಗೊತ್ತುಮಾಡಿಕೊಂಡ ಮನೆಯಲ್ಲಿ ಹೊತ್ತು ಮಿಗುತ್ತದೆ. ಆ ಮಿಕ್ಕ ಹೊತ್ತಿನಲ್ಲಿ ಗಂಡಹೆಂಡಿರಿಬ್ಬರೂ ವಚನಕಾರರಾದರು. ಲಕ್ಕಮ್ಮನವರ ವಚನಗಳು ಇಂದಿಗೆ ದೊರೆತಿರುವುವು 25. ನಿತ್ಯವೂ ಒಂದಷ್ಟು ಬರೆಯದೆ ಹೋದೆನೆಂದು ಕೊರಗುವ ಇಂದಿನವರು ಈ ಸಂಖ್ಯೆಯನ್ನು ನೆನಪಿನಲ್ಲಿಡಬಹುದು.

ಮತಭೇದವನ್ನು ಎಣಿಸದೆ ನೋಡಿದರೆ ಇದೇ ನೆಲದಲ್ಲಿ ಆರುನೂರು ವರ್ಷಗಳ ತರುವಾಯ ಇದೇ ಬಗೆಯ ಬಾಳು ಮತ್ತೆ ಕಾಣಬರುತ್ತದೆ. ಮಾನ್ವಿಯ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು (1682-1755), ದೇವದುರ್ಗದ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728-1809), ಈ ಗುರುಶಿಷ್ಯಪರಂಪರೆಯೆಲ್ಲವೂ ರಾಯಚೂರು ಜಿಲ್ಲೆಯದೇ. ವಿಜಯದಾಸರು ಬಡತನದಲ್ಲಿ ಸಂಸಾರವನ್ನು ಮಾಡಿದವರು. ಅವರ ಪತ್ನಿ ಅರಳಮ್ಮನವರ ತಾಳ್ಮೆಯನ್ನು ಇಂದಿಗೂ ಕಥೆಯಾಗಿ ಹೇಳುವರು. ದಾಸರ ಗೋಪಾಳವೃತ್ತಿಯೂ ಅಕ್ಕಿ ಕಾಳಿನ ವೃತ್ತಿಯೇ. ತಂಬೂರಿಯನ್ನು ಮೀಟುತ್ತ ಬೀದಿಯಲ್ಲಿ ಹಾಡಿಕೊಂಡು ಹೋಗಿ, ಮನೆಯವರು ನೀಡಿದ ಹಿಡಿಧಾನ್ಯದಿಂದ ಆ ದಿನದ ಅಡಿಗೆಯನ್ನು ನಡೆಸುವುದು. ಅಲ್ಲಿ ಹಾಡಿನ ಹೊತ್ತು ಬೇರೆ, ಗಳಿಕೆಯ ಹೊತ್ತು ಬೇರೆ, ದೇವರ ಹೊತ್ತು ಬೇರೆ ಎಂಬ ಲೆಕ್ಕವೇ ಇರಲಿಲ್ಲ. ಜಗನ್ನಾಥದಾಸರ ಹರಿಕಥಾಮೃತಸಾರವು ದೀರ್ಘವಾದ ಷಟ್ಪದೀಗ್ರಂಥವಾದುದರಿಂದ, ಚಿಕ್ಕ ರೂಪವೊಂದೇ ಸಂಸಾರಿಗಳಿಗೆ ದಾರಿಯೆಂದು ಮೇಲೆ ಹೇಳಿದ ಮಾತಿಗೆ ಅದು ಅಪವಾದವಾಗುತ್ತದೆಂಬುದನ್ನೂ ಒಪ್ಪಿಕೊಳ್ಳತಕ್ಕದ್ದು.

ತಾಯಂದಿರ ಕಲೆಯು ತಾಳೆಯೋಲೆಯ ಮೇಲೆ ಬಂದುದು ಕಡಿಮೆ. ಅದು ಬೀಸುವ ಕಲ್ಲಿನ ಮುಂದೆ ಹುಟ್ಟಿತು. ಬೆಳಗಿನ ಜಾವಕ್ಕೆದ್ದು ಜೋಳವನ್ನು ಬೀಸುವಾಗ ಗೂಟದ ಸುತ್ತಿಗೆ ಹೊಂದಿ ಪದವು ಹೊರಡುತ್ತಿತ್ತು. ಹಲಸಂಗಿಯ ಗೆಳೆಯರು ಅಂತಹ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ "ಗರತಿಯ ಹಾಡು" ಎಂದು ಅಚ್ಚುಹಾಕಿಸಿದರು. ಆಮೇಲೆ ಊರೂರಿಗೆ ಹಿಟ್ಟಿನ ಗಿರಣಿ ಬಂದಿತು. ಬೀಸುವ ಕಷ್ಟವು ತಪ್ಪಿದುದು ಮಹದುಪಕಾರವೇ ಸರಿ. ರಟ್ಟೆ ನೋಯಿಸಿಕೊಂಡವರ ಮುಂದೆ ಹಳೆಯ ಕಲ್ಲನ್ನು ಹೊಗಳುವುದು ಸಭ್ಯತೆಯಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಬೀಸುತ್ತಿದ್ದ ಹೊತ್ತು ಉಳಿಯಿತು, ಹಾಡು ಉಳಿಯಲಿಲ್ಲ. ಹೊತ್ತು ದೊರೆತರೆ ಕಲೆಯು ತಾನಾಗಿ ಬರುವುದೆಂಬ ಮಾತು ಇಲ್ಲಿಗೆ ಸುಳ್ಳಾಯಿತು. ಉಳಿದ ಹೊತ್ತನ್ನು ಇನ್ನೊಂದು ಕೆಲಸವು ಬಂದು ಹಿಡಿದುಕೊಂಡಿತು.

ಈಗ ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಮಾನ್ವಿಯ ಕಡೆಗೂ, ಕೃಷ್ಣೆಯ ನಾರಾಯಣಪುರದ ಕಾಲುವೆಯಿಂದ ದೇವದುರ್ಗದ ಕಡೆಗೂ ನೀರು ಹರಿದು, ಜೋಳದ ಹೊಲಗಳು ಭತ್ತದ ಗದ್ದೆಗಳಾಗಿವೆ. ಅಕ್ಕಿಯನ್ನು ಕಾಳುಕಾಳಾಗಿ ಆಯ್ದವರ ಜಿಲ್ಲೆಯಲ್ಲಿ ಅಕ್ಕಿಯ ಮೂಟೆಗಳು ಲಾರಿಯೇರುತ್ತಿವೆ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ರಾತ್ರಿಯ ಪಾಳಿ ಮಾಡಿ ಬಂದವನಿಗೆ ತ್ರಿಕಾಲಪೂಜೆಯ ಕಾಲವೇ ತಲೆಕೆಳಗಾಗಿರುವುದು. ಬಿಡುವಿನ ಅರ್ಧಗಂಟೆಯನ್ನು ಕೈಯಲ್ಲಿಯ ಮೊಬೈಲು ಕೇಳದೆಯೇ ತೆಗೆದುಕೊಳ್ಳುವುದು. ಇವರೆಲ್ಲರೂ ಹೊತ್ತಿಲ್ಲವೆನ್ನುವುದು ಸುಳ್ಳಲ್ಲ. ಆದರೆ ಮನೆಯ ಬಾಗಿಲಲ್ಲಿ ನಿಂತು, ಇದು ಹೆಚ್ಚಾಯಿತು, ಹಿಂದಕ್ಕೆ ಸುರಿದು ಬಾ ಎನ್ನುವವರು ಇಲ್ಲ.

ಆ ತಾಯಿಯ ಪ್ರಶ್ನೆಗೆ ಇಲ್ಲಿ ಉತ್ತರವಿರುವುದು. ಪದಕ್ಕೆ ಬೇಕಾದ ಹೊತ್ತನ್ನು ಪೂಜೆಯಿಂದ ತೆಗೆಯತಕ್ಕದ್ದಲ್ಲ. ಹೆಚ್ಚಿನ ಅಕ್ಕಿಯಿಂದ ತೆಗೆಯತಕ್ಕದ್ದು. ಆದರೆ ಹೆಚ್ಚಿನ ಅಕ್ಕಿಯನ್ನು ತಂದವರಾರು? ಕಥೆಯಲ್ಲಿ ತಂದವರು ಪತಿ, ಹಿಂದಿರುಗಿಸಿದವರೂ ಪತಿಯೇ. ಇಂದಿನ ಮನೆಯಲ್ಲಿ ಎಲ್ಲರೂ ತಂದುದನ್ನು ಒಬ್ಬಳೇ ಕೇರಿ, ತೊಳೆದು, ಬೇಯಿಸಿ, ಪಾತ್ರೆಯನ್ನು ಬೆಳಗಿಟ್ಟ ಮೇಲೆ, ತಾನು ಲಿಂಗದ ಹೊತ್ತನ್ನು ಕದ್ದೆನೆಂದು ಅವಳೇ ಮಠಕ್ಕೆ ಬಂದು ಅಳುವುದಾದರೆ, ಆ ಪ್ರಶ್ನೆಯನ್ನು ಕೇಳಬೇಕಾಗಿದ್ದವರು ಅವಳ ಹಿಂದೆ ಸುಮ್ಮನೆ ನಿಂತಿದ್ದವರು. ಪೂಜೆಗೆ ಕುಳಿತ ಸೊಸೆಯನ್ನು ಯಾರೂ ಕರೆಯುವುದಿಲ್ಲ; ಬರೆಯಲು ಕುಳಿತವಳನ್ನು ಎಲ್ಲರೂ ಕರೆಯುವರು. ಪೂಜೆಯ ಹೊತ್ತಿನಲ್ಲಿಯೇ ಆಕೆ ಬರೆಯಬೇಕಾಗಿ ಬಂದುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಮಠಗಳ ಕಡೆಯಿಂದಲೂ ಒಂದು ತಿದ್ದುಪಡಿ ಆಗಬೇಕಾಗಿದೆ. ಭಜನೆಯನ್ನು ಸಂಜೆ ಏಳು ಗಂಟೆಗೆ ಆರಂಭಿಸುವುದು ಬಹಳ ಕಡೆಯಲ್ಲಿರುವ ಪದ್ಧತಿ. ಆ ಹೊತ್ತು ಪ್ರತಿಯೊಂದು ಮನೆಯಲ್ಲಿಯೂ ರೊಟ್ಟಿ ಬಡಿಯುವ ಹೊತ್ತು. ಹೀಗಾಗಿ ಗಂಡಸರು ಹಾಡಿ ಮುಗಿಸಿ ಎದ್ದ ಮೇಲೆ ತಾಯಂದಿರು ಮಂಗಳಾರತಿಗೆ ಬಂದು ನಿಲ್ಲುವರು. ಗಂಟೆಯನ್ನು ಗೊತ್ತುಮಾಡುವ ಮುಂಚೆ ಅವರನ್ನು ಒಂದು ಮಾತು ಕೇಳಿದರೆ ಮಠಕ್ಕೆ ಖರ್ಚೇನೂ ಇಲ್ಲ.

ಗುರುಗಳು ಆ ಗೃಹಿಣಿಗೆ ನೋಟುಬುಕ್ಕನ್ನು ತರಹೇಳಿದ್ದರು. ಅಮಾವಾಸ್ಯೆಯ ಭಜನೆಯನ್ನು ಆ ಸಲ ಒಂಬತ್ತು ಗಂಟೆಗೆ ಇಡಲಾಯಿತು. ಆಕೆ ಹೆಂಗಸರ ಸಾಲಿನ ಹಿಂದೆ ಕುಳಿತು, ಪುಸ್ತಕದಿಂದ ಕಣ್ಣೆತ್ತದೆ, ತಾವು ಕಟ್ಟಿದ ಎರಡು ಪದಗಳನ್ನು ಹಾಡಿದರು. ನಿದ್ದೆಗಣ್ಣಿನ ಕಿರಿಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವರ ಯಜಮಾನರು ಹಾಡು ಮುಗಿಯುವವರೆಗೆ ಬಾಗಿಲ ಹತ್ತಿರ ಅಡ್ಡಾಡುತ್ತಿದ್ದರು.