ಸದ್ದಿಲ್ಲದ ನಿವೃತ್ತಿ



ನನ್ನ ಅಚ್ಚುಮೆಚ್ಚಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಅಮೆರಿಕದ ಟಿಮ್ ಡಂಕನ್. ಬಾಲ್ಯದಲ್ಲಿ ಅವರು ಈಜುಗಾರ. 1989ರ ಚಂಡಮಾರುತ ಅವರ ದ್ವೀಪದ ಈಜುಕೊಳವನ್ನು ಹಾಳುಗೆಡವಿದ ಮೇಲೆ, ಒಂಬತ್ತನೇ ತರಗತಿಯಲ್ಲಿ ಈ ಆಟಕ್ಕೆ ಬಂದರು. ಸ್ಯಾನ್ ಆಂಟೋನಿಯೊ ಸ್ಪರ್ಸ್ ಎಂಬ ಒಂದೇ ತಂಡಕ್ಕೆ 19 ಋತು ಆಡಿ, 5 ಬಾರಿ ಚಾಂಪಿಯನ್ ಆದರು. 2016ರ ಜುಲೈನಲ್ಲಿ ನಿವೃತ್ತರಾದಾಗ ಹಾರ-ತುರಾಯಿ ಇಲ್ಲ. ತಂಡದಿಂದ ಒಂದು ಪ್ರಕಟಣೆ, ಅಷ್ಟೆ. ಬೆಂಗಳೂರಿನ ಆಫೀಸಿನಲ್ಲಿ ಅದನ್ನು ಓದಿ ಗಂಟಲು ಉಬ್ಬಿ ಬಂತು. ಚಪ್ಪಾಳೆ ತಟ್ಟಲೂ ಬಿಡಲಿಲ್ಲವಲ್ಲ!

ಆಗ ನೆನಪಾದವರು ನಮ್ಮ ಪಿ.ಟಿ. ಮೇಷ್ಟ್ರು. ಈ ಮೈದಾನದಲ್ಲಿ ಕಂಬ ನೆಟ್ಟು, ಕಬ್ಬಿಣದ ಬಳೆ ಬಿಗಿದು ನಮಗೆ ಆಟ ಕಲಿಸಿದವರು. ಬೇಸಿಗೆ ರಜೆಯಲ್ಲೇ ನಿವೃತ್ತರಾದರು. ಜೂನ್‌ನಲ್ಲಿ ಬಂದ ನಾವು 'ಮೇಷ್ಟ್ರು ಎಲ್ಲಿ?' ಎಂದೂ ಕೇಳಲಿಲ್ಲ.

ಸರ್, ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಗೆಳೆಯರೇ, ಎಲ್ಲರೂ ಎದ್ದು ಚಪ್ಪಾಳೆ ತಟ್ಟೋಣ. ತಡವಾಯಿತು ಸರ್, ಕ್ಷಮಿಸಿ.