ಪುಟ್ಟದೊಂದು ಕವಣೆಯಂತ್ರ

ಜೋಳದ ಹೊಲದ ನಡುವೆ ಅಟ್ಟಣೆಯ ಮೇಲೆ ನಿಂತು ಹಕ್ಕಿ ಕಾಯುವವನ ಕೈಯಲ್ಲಿ ಕವಣೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಬಾವಿಯಿಂದ ನೀರೆತ್ತುವ ಏತವನ್ನು ಕಂಡವರು ಈಗ ಕಡಿಮೆ. ಆದರೂ ಆ ಮಾತು ನಮ್ಮ ಕಿವಿಗೆ ಅಪರಿಚಿತವಲ್ಲ. ಈ ಎರಡನ್ನೂ ಒಂದಕ್ಕೊಂದು ಕಟ್ಟಿದರೆ, ಎಂದರೆ ಏತದ ಮರದ ಉದ್ದನೆಯ ತುದಿಗೆ ಕವಣೆಯನ್ನೂ ಮೋಟು ತುದಿಗೆ ದೊಡ್ಡ ಭಾರವನ್ನೂ ಬಿಗಿದರೆ, ಮಧ್ಯಯುಗದ ಕೋಟೆಗಳನ್ನು ನಡುಗಿಸಿದ ಒಂದು ಯಂತ್ರ ಸಿದ್ಧವಾಗುತ್ತದೆ. ಯೂರೋಪಿನವರು ಅದನ್ನು ಟ್ರೆಬುಷೆ ಎಂದು ಕರೆದರು. ಕವಣೆಯಂತ್ರ ಎಂದರೆ ನಮಗೆ ಸಾಕು.

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳು ಮಾಡತಕ್ಕ ಮಾದರಿಗಳಲ್ಲಿ ಇದಕ್ಕಿಂತ ಒಳ್ಳೆಯದು ಅಪರೂಪವೆಂದು ನನ್ನ ಭಾವನೆ. ಕಾರಣ ಸರಳವಾದದ್ದು. ಜ್ವಾಲಾಮುಖಿಯ ಮಾದರಿಗೆ ಬಣ್ಣ ಬಳಿದರೆ ಕೆಲಸ ಮುಗಿಯಿತು. ಅದು ಸರಿಯೋ ತಪ್ಪೋ ಎಂದು ಹೇಳಲು ತೀರ್ಪುಗಾರರು ಬೇಕು. ಕವಣೆಯಂತ್ರಕ್ಕೆ ತೀರ್ಪುಗಾರರೇ ಬೇಡ. ಉಂಡೆ ಮುಂದೆ ಹೋಯಿತೋ ಹಿಂದೆ ಹೋಯಿತೋ ಎಂಬುದನ್ನು ಅಂಗಳದ ಮಣ್ಣೇ ಹೇಳುತ್ತದೆ. ಅಂಗಡಿಯಿಂದ ಸಿದ್ಧ ಮಾದರಿಯನ್ನು ತಂದು, ಯಾರೋ ಬರೆದುಕೊಟ್ಟ ನಾಲ್ಕು ವಾಕ್ಯಗಳನ್ನು ಗಿಳಿಯಂತೆ ಒಪ್ಪಿಸುವ ಪದ್ಧತಿ ಇಲ್ಲಿ ನಡೆಯುವುದು ಕಷ್ಟ.

ಐವತ್ತು ಸೆಂಟಿಮೀಟರ್ ಉದ್ದದ ಒಂದು ಗಟ್ಟಿಯಾದ ಮರದ ಪಟ್ಟಿ ಬೇಕು. ಒಂದು ತುದಿಯಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ತೂತು ಕೊರೆದು ಅಚ್ಚನ್ನು ತೂರಿಸಬೇಕು. ಮುರಿದ ಕೊಡೆಯ ಕಬ್ಬಿಣದ ಕೋಲು ಅಚ್ಚಾಗಲು ಸಾಕು. ಹೀಗೆ ಒಂದು ತೋಳು ಹತ್ತು, ಇನ್ನೊಂದು ನಲವತ್ತು. ಒಂದಕ್ಕೆ ನಾಲ್ಕರ ಪ್ರಮಾಣ. ಅಚ್ಚನ್ನು ಹೊರುವ ಎರಡು ಕಂಬಗಳು ಸುಮಾರು ಮೂವತ್ತು ಸೆಂಟಿಮೀಟರ್ ಎತ್ತರವಿದ್ದು, ಅಗಲವಾದ ಪೀಠದ ಮೇಲೆ ಅಲುಗದಂತೆ ನಿಲ್ಲಬೇಕು. ಮೋಟು ತೋಳಿಗೆ ಮರಳು ತುಂಬಿದ ಡಬ್ಬಿಯನ್ನು ತೂಗುಬಿಡಬೇಕು. ಡಬ್ಬಿ ಕಂಬಗಳ ನಡುವೆ ತಡೆಯಿಲ್ಲದೆ ಆಡಬೇಕು, ಕೆಳಗಿಳಿದಾಗ ಪೀಠಕ್ಕೆ ತಾಗಬಾರದು. ಅದನ್ನು ತೋಳಿಗೆ ಬಿಗಿಯಾಗಿ ಜಡಿಯುವ ಬದಲು ತೂಗುಬಿಡುವುದಕ್ಕೂ ಅರ್ಥವಿದೆ: ಹಾಗೆ ತೂಗುವ ಭಾರ ವೃತ್ತದಲ್ಲಿ ಸುತ್ತಿ ತನ್ನ ಶಕ್ತಿಯನ್ನು ಪೋಲು ಮಾಡದೆ ಹೆಚ್ಚು ನೇರವಾಗಿ ಕೆಳಕ್ಕೆ ಬೀಳುತ್ತದೆ.

ಎಸೆಯುವ ವಸ್ತು ಒಣಗಿಸಿದ ಜೇಡಿಮಣ್ಣಿನ ಉಂಡೆಯಾಗಲಿ. ಅದರ ತೂಕ ಐದು ಗ್ರಾಂ ಎಂದಿಟ್ಟುಕೊಳ್ಳಿ. ಡಬ್ಬಿಯ ತೂಕ ಅದರ ನೂರು ಪಟ್ಟು, ಎಂದರೆ ಅರ್ಧ ಕಿಲೋಗ್ರಾಂ, ಇದ್ದರೆ ಒಳ್ಳೆಯದು. ಉದ್ದ ತೋಳನ್ನು ನೆಲಕ್ಕೆ ಎಳೆದು ಹಿಡಿದಾಗ ಡಬ್ಬಿ ಮೇಲೇರುತ್ತದೆ; ಬಿಟ್ಟಾಗ ಅದು ಸುಮಾರು ಹದಿನೇಳು ಸೆಂಟಿಮೀಟರ್ ಇಳಿಯುತ್ತದೆ. ಆ ಇಳಿತದ ಶಕ್ತಿಯೆಲ್ಲ ಉಂಡೆಗೇ ಸಂದಾಯವಾಗುವುದಾದರೆ ಅದು ಎಷ್ಟು ದೂರ ಹೋದೀತು? ಲೆಕ್ಕ ಹಗುರವಾದದ್ದು. ಇಳಿದ ಎತ್ತರವನ್ನು ತೂಕಗಳ ಪ್ರಮಾಣದಿಂದ ಗುಣಿಸಿ ಇಮ್ಮಡಿ ಮಾಡಿದರೆ ಮೂವತ್ತನಾಲ್ಕು ಮೀಟರು ಬರುತ್ತದೆ. ಅಂಗಳದಲ್ಲಿ ಅಷ್ಟು ದೂರ ಅದು ಎಂದೂ ಹೋಗದು. ತೋಳಿನ ತೂಕ, ಅಚ್ಚಿನ ತಿಕ್ಕಾಟ, ಪೀಠದ ಅಲುಗಾಟ, ಗಾಳಿ, ಎಲ್ಲರಿಗೂ ಪಾಲು ಸಲ್ಲಬೇಕು. ಕಾಗದದ ಮೇಲಿನ ದೂರಕ್ಕೂ ಟೇಪು ಹಿಡಿದು ಅಳೆದ ದೂರಕ್ಕೂ ನಡುವಿನ ಈ ಅಂತರವನ್ನು ಮಗು ತಾನೇ ಬರೆದಿಟ್ಟುಕೊಳ್ಳಬೇಕು. ಅಚ್ಚಿಗೆ ಎರಡು ಹನಿ ಎಣ್ಣೆ ಬಿಟ್ಟು ಮತ್ತೆ ಅಳೆದರೆ ತಿಕ್ಕಾಟದ ಪಾಲೆಷ್ಟು ಎಂಬುದೂ ಒಂದಿಷ್ಟು ತಿಳಿಯುತ್ತದೆ. ಶಕ್ತಿಯ ನಿತ್ಯತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪಾಠ ನನಗೆ ತಿಳಿಯದು.

ಇನ್ನು ಕವಣೆಯ ವಿಚಾರ. ಯಂತ್ರದ ಜೀವವಿರುವುದು ಇಲ್ಲಿಯೇ. ಅಂಗೈಯಗಲದ ಬಟ್ಟೆಯ ತುಂಡಿಗೆ ಎರಡು ಹುರಿಗಳನ್ನು ಕಟ್ಟಿ, ಕವಣೆಯ ಉದ್ದ ತೋಳಿನ ಉದ್ದಕ್ಕಿಂತ ತುಸು ಕಡಿಮೆಯಾಗುವಂತೆ ನೋಡಿಕೊಳ್ಳಬೇಕು. ಒಂದು ಹುರಿಯನ್ನು ತೋಳಿನ ತುದಿಗೆ ಬಿಗಿಯಬೇಕು. ಇನ್ನೊಂದರ ತುದಿಗೆ ಸಣ್ಣ ಬಳೆಯನ್ನು ಕಟ್ಟಿ, ತೋಳಿನ ತುದಿಯಲ್ಲಿ ನೆಟ್ಟ, ತಲೆ ಕತ್ತರಿಸಿದ ಮೊಳೆಗೆ ಸುಮ್ಮನೆ ತೊಡಿಸಬೇಕು. ತೋಳು ಮೇಲೇಳುವಾಗ ಕವಣೆ ಹಿಂದಿನಿಂದ ಬೀಸಿ ಬರುತ್ತದೆ. ತಕ್ಕ ಗಳಿಗೆಯಲ್ಲಿ ಬಳೆ ಮೊಳೆಯಿಂದ ಜಾರುತ್ತದೆ, ಬಟ್ಟೆ ಬಿಚ್ಚಿಕೊಳ್ಳುತ್ತದೆ, ಉಂಡೆ ಹಾರುತ್ತದೆ. ಯಂತ್ರ ಚೆನ್ನಾಗಿ ಹೊಂದಿಕೊಂಡಿದ್ದರೆ ಆ ಗಳಿಗೆಯಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಡಬ್ಬಿಯೂ ತೋಳೂ ಬಹುಮಟ್ಟಿಗೆ ನಿಂತೇಬಿಡುತ್ತವೆ. ತಮ್ಮಲ್ಲಿದ್ದುದನ್ನೆಲ್ಲ ಉಂಡೆಗೆ ಕೊಟ್ಟು ಬರಿಗೈಯಾದಂತೆ ಅವು ತೋರುತ್ತವೆ.

ಆ ತಕ್ಕ ಗಳಿಗೆಯನ್ನು ನಿರ್ಧರಿಸುವುದು ಮೊಳೆಯ ಬಾಗು. ಮೊಳೆ ತೋಳಿನ ನೇರಕ್ಕಿದ್ದರೆ ಬಳೆ ಬೇಗ ಜಾರಿ ಉಂಡೆ ಆಕಾಶಕ್ಕೋ, ಕೆಲವೊಮ್ಮೆ ಹಿಂದಕ್ಕೋ ಹೋಗುತ್ತದೆ. ಮುಂದಕ್ಕೆ ಹೆಚ್ಚು ಬಾಗಿದ್ದರೆ ತಡವಾಗಿ ಜಾರಿ ಉಂಡೆ ಎದುರಿನ ನೆಲವನ್ನೇ ಗುದ್ದುತ್ತದೆ. ಇಕ್ಕಳ ಹಿಡಿದು ಕೂದಲೆಳೆಯಷ್ಟು ಬಾಗಿಸಿ, ಎಸೆದು, ಅಳೆದು, ಮತ್ತೆ ಬಾಗಿಸುವ ತಾಳ್ಮೆಯನ್ನು ಯಾವ ಪುಸ್ತಕವೂ ಕೊಡಲಾರದು.

ಈ ಯಂತ್ರಕ್ಕೊಂದು ಚರಿತ್ರೆಯಿದೆ, ಅದು ಸೌಮ್ಯವಾದದ್ದಲ್ಲ. ಮೊದಮೊದಲು, ಚೀನಾದಲ್ಲಿ, ಭಾರದ ಬದಲು ಮನುಷ್ಯರೇ ಹಗ್ಗ ಹಿಡಿದು ಮೋಟು ತೋಳನ್ನು ಜಗ್ಗುತ್ತಿದ್ದರು. ಭಾರವಿಟ್ಟ ಯಂತ್ರ 12ನೆಯ ಶತಮಾನದ ವೇಳೆಗೆ ಮೆಡಿಟರೇನಿಯನ್ ತೀರಗಳಲ್ಲಿ ಕಾಣಿಸಿಕೊಂಡಿತು. 1273ರಲ್ಲಿ ಕುಬ್ಲಾಯಿ ಖಾನನ ಸೇನೆ ಚೀನಾದ ಶಿಯಾಂಗ್‌ಯಾಂಗ್ ನಗರವನ್ನು ವಶಪಡಿಸಿಕೊಂಡದ್ದು ಪಶ್ಚಿಮದಿಂದ ಕರೆಸಿದ ಮುಸ್ಲಿಂ ಯಂತ್ರಶಿಲ್ಪಿಗಳು ಕಟ್ಟಿದ ಇಂಥ ಯಂತ್ರಗಳ ಬಲದಿಂದ. ನಮ್ಮ ದೇಶದಲ್ಲಿ, 1301ರ ರಣಥಂಭೋರ್ ಮುತ್ತಿಗೆಯಲ್ಲಿ ಕೋಟೆಯ ಒಳಗಿನವರ ಯಂತ್ರವೆಸೆದ ಕಲ್ಲು ತಗುಲಿ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ನುಸ್ರತ್ ಖಾನ್ ಸತ್ತ.

1304ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೆ ಮುತ್ತಿಗೆ ಹಾಕಿದ್ದ ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್ ದೊರೆ ಅತಿ ದೊಡ್ಡದೊಂದು ಯಂತ್ರವನ್ನು ಕಟ್ಟಿಸಿದ. ಅದರ ಹೆಸರು ಯುದ್ಧದ ತೋಳ. ಅದು ಸಿದ್ಧವಾಗುವ ಹೊತ್ತಿಗೆ ಕೋಟೆಯವರು ಶರಣಾಗಲು ಒಪ್ಪಿದ್ದರು. ದೊರೆ ಒಪ್ಪಲಿಲ್ಲ. ಇಷ್ಟು ಶ್ರಮಪಟ್ಟು ಕಟ್ಟಿಸಿದ ಯಂತ್ರದ ಬಲವನ್ನು ಕಣ್ಣಾರೆ ನೋಡದೆ ಶರಣಾಗತಿಯನ್ನು ಸ್ವೀಕರಿಸಲು ಅವನಿಗೆ ಮನಸ್ಸಾಗಲಿಲ್ಲ. ಅದರ ಕಲ್ಲುಗಳು ಕೋಟೆಗೆ ಬಡಿದ ಬಳಿಕವೇ ಒಳಗಿನವರಿಗೆ ಹೊರಗೆ ಬರುವ ಅಪ್ಪಣೆ ದೊರೆಯಿತು.

ಹೀಗಿರುವಾಗ ಕೊಲ್ಲುವ ಯಂತ್ರವನ್ನು ಮಕ್ಕಳ ಕೈಗೆ ಕೊಡುವುದೇ ಎಂದು ತಾಯಂದಿರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಕೊಡಬೇಕು ಎನ್ನುವವನು ನಾನು. ಆದರೆ ಸ್ಟರ್ಲಿಂಗಿನ ಕಥೆಯನ್ನು ಮುಚ್ಚಿಟ್ಟು ಅಲ್ಲ. ಮೊಳೆಯ ಬಾಗನ್ನು ಹದಗೊಳಿಸಿ, ಉಂಡೆ ಮೊದಲ ಬಾರಿಗೆ ಅಂಗಳದಾಚೆಗೆ ಹಾರಿದಾಗ ಹನ್ನೆರಡು ವರ್ಷದ ಹುಡುಗಿಯ ಮುಖದಲ್ಲಿ ಮೂಡುವ ಸಂತೋಷಕ್ಕೂ ಆ ದೊರೆಯ ಆತುರಕ್ಕೂ ಯಾವ ಸಂಬಂಧವೂ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಪ್ರದರ್ಶನದ ಮೇಜಿನ ಮೇಲೆ ತೋಳುಗಳ ಅಳತೆಯನ್ನು ಬರೆದಿಡುವ ಹಲಗೆಯಲ್ಲಿಯೇ ಆ ಕಥೆಯನ್ನೂ ಮಗು ತನ್ನ ಮಾತಿನಲ್ಲಿ ಬರೆಯಲಿ.

ಎಸೆಯುವ ಮುನ್ನ ಒಂದು ಎಚ್ಚರಿಕೆ. ಉಂಡೆ ಹಿಂದಕ್ಕೂ ಹಾರಬಹುದೆಂದು ಹೇಳಿದೆನಲ್ಲ. ನೋಡುವವರು ಯಂತ್ರದ ಎದುರಿಗೂ ಬೇಡ, ಬೆನ್ನಿಗೂ ಬೇಡ. ಪಕ್ಕಕ್ಕೆ, ನಾಲ್ಕು ಹೆಜ್ಜೆ ದೂರ ನಿಲ್ಲಲಿ. ತೋಳನ್ನು ತಡೆದಿಟ್ಟ ಕೊಕ್ಕೆಗೆ ಉದ್ದನೆಯ ದಾರ ಕಟ್ಟಿ, ಎಸೆಯುವವರೂ ಅಲ್ಲಿಂದಲೇ ಎಳೆಯಲಿ.